ಸಾಂಬಾರದ ಡಬ್ಬಿಯ ಕೊತ್ತಂಬರಿ ಬೀಜ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕಣ್ಣೆದುರಿಗೇ ಇರುವ ವಸ್ತುವಿನ ಗುಣವನ್ನು ಮನುಷ್ಯನು ಅರಿಯಲಾರನೆಂಬುದು ಅದರ ತಾತ್ಪರ್ಯ. ಮುಂಬಯಿಯಂತಹ ಮಹಾನಗರದಲ್ಲಿ ವಾಸಿಸುವ ನಮಗೆ ಹಿತ್ತಲೆಂಬುದೇ ಇಲ್ಲ. ಅಡಿಗೆಯ ಮನೆಯ ಸಾಂಬಾರದ ಡಬ್ಬಿಯೇ ನಮ್ಮ ಪಾಲಿನ ಹಿತ್ತಲು. ಅದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯಗಳ ಮಗ್ಗುಲಲ್ಲಿ ಕುಳಿತಿರುವ ಕೊತ್ತಂಬರಿ ಬೀಜವನ್ನು ನಾವು ದಿನಕ್ಕೆರಡು ಬಾರಿ ಉಣ್ಣುತ್ತೇವೆ. ಆದರೆ ಅದರ ವಿಷಯವಾಗಿ ಒಂದು ಮಾತನ್ನೂ ಯೋಚಿಸುವುದಿಲ್ಲ. ಇತ್ತೀಚೆಗೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ರೂಢಿಯೂ ಬೆಳೆದಿದೆ. ಈ ಬೀಜವನ್ನು ನೆನೆಸಿದ ನೀರು ಸಕಲ ರೋಗಗಳನ್ನೂ ನಿವಾರಿಸುವುದೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಉಪೇಕ್ಷೆಯಾಗಲಿ ಅತಿಶಯೋಕ್ತಿಯಾಗಲಿ ಎರಡೂ ಹುಟ್ಟುವುದು ತಿಳಿವಳಿಕೆಯ ಕೊರತೆಯಿಂದಲೇ. ಆದುದರಿಂದ ಈ ಚಿಕ್ಕ ಕಾಳಿನ ಗುಣ ಎಲ್ಲಿ ಅಡಗಿದೆ, ಎಷ್ಟು ಅಡಗಿದೆ, ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಸೊಪ್ಪಿಗೂ ಬೀಜಕ್ಕೂ ಕೊತ್ತಂಬರಿ ಎಂಬ ಒಂದೇ ಹೆಸರು. ಬೀಜವನ್ನು ಕೆಲವು ಕಡೆ ಧನಿಯ ಎಂದೂ ಕೆಲವು ಕಡೆ ಹವೀಜ ಎಂದೂ ಕರೆಯುವುದುಂಟು. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಸೊಪ್ಪು ಕೋಥಿಂಬೀರ, ಬೀಜ ಧನೆ. ಗುಜರಾತಿಗಳಲ್ಲಿ ಸೊಪ್ಪು ಕೋಥಮೀರ, ಬೀಜ ಧಾಣಾ. ಹಿಂದಿಯವರಲ್ಲಿ ಎರಡೂ ಧನಿಯಾ. ಸಂಸ್ಕೃತದ ಕುಸ್ತುಂಬುರು, ಧಾನ್ಯಕ ಎಂಬ ಎರಡು ಶಬ್ದಗಳನ್ನು ಮುಂದಿಟ್ಟುಕೊಂಡರೆ ಈ ಹೆಸರುಗಳಲ್ಲಿ ಬಹುತೇಕ ಎಲ್ಲವೂ ಎರಡು ಮನೆತನಗಳಾಗಿ ಬೇರ್ಪಡುವುದನ್ನು ಕಾಣಬಹುದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಕುಸ್ತುಂಬುರು ಎಂಬ ಶಬ್ದದಲ್ಲಿ ಸಕಾರ ಹೇಗೆ ಬಂದಿತೆಂಬುದನ್ನು ಹೇಳುವುದಕ್ಕಾಗಿಯೇ ಒಂದು ಸೂತ್ರವುಂಟು. ಅಷ್ಟು ಹಿಂದಿನ ಕಾಲದಲ್ಲಿಯೇ ಈ ಹೆಸರು ವೈಯಾಕರಣರ ಲಕ್ಷ್ಯಕ್ಕೆ ಬರುವಷ್ಟು ಬಳಕೆಯಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಗಿಡದ ಹಳಮೆಗೆ ಭಾರತದ ಹೊರಗಿನ ಸಾಕ್ಷ್ಯಗಳೂ ಉಂಟು. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ತನ್ನಾಳಿದ ತೂತನ್‌ಖಾಮನ್ ಎಂಬ ತರುಣ ಅರಸನ ಸಮಾಧಿಯನ್ನು 1922ರಲ್ಲಿ ಕಂಡುಹಿಡಿದಾಗ, ಅದರಲ್ಲಿದ್ದ ವಸ್ತುಗಳ ಜೊತೆಗೆ ಕೊತ್ತಂಬರಿ ಬೀಜಗಳೂ ದೊರೆತವು. ಪ್ರಾಚೀನ ಗ್ರೀಕರ ಮಣ್ಣಿನ ಹಲಗೆಗಳ ಲಿಪಿಯನ್ನು ಮೈಕೇಲ್ ವೆಂಟ್ರಿಸ್ ಎಂಬವರು 1952ರಲ್ಲಿ ಓದಿ ಬಿಡಿಸಿದರು. ಅರಮನೆಯ ಉಗ್ರಾಣದ ಆ ಲೆಕ್ಕಪತ್ರಗಳಲ್ಲಿಯೂ ಕೊತ್ತಂಬರಿಯ ಹೆಸರಿದೆ. ಇಟಲಿಯ ಸಂಗತಿಯಂತೂ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ವಸಂತೋತ್ಸವದ ಮೆರವಣಿಗೆಗಳಲ್ಲಿ ಜನರು ಸಕ್ಕರೆಯ ಲೇಪ ಕೊಟ್ಟ ಕೊತ್ತಂಬರಿ ಬೀಜಗಳನ್ನು ಒಬ್ಬರ ಮೇಲೊಬ್ಬರು ಎರಚುತ್ತಿದ್ದರು. ಕಾಲಕ್ರಮದಲ್ಲಿ ಬೀಜದ ಬದಲು ಬಣ್ಣದ ಕಾಗದದ ಚೂರುಗಳು ಬಂದವು. ಆದರೂ ಆ ಕಾಗದದ ಚೂರುಗಳನ್ನು ಇಟಲಿಯವರು ಇಂದಿಗೂ "ಕೊರಿಯಾಂಡೊಲಿ" ಎಂದೇ ಕರೆಯುತ್ತಾರೆ. ವಸ್ತು ಹೋದರೂ ಹೆಸರು ಉಳಿಯಿತು.

ಇನ್ನು ಬೀಜದ ಸ್ವರೂಪವನ್ನು ನೋಡೋಣ. ನಾವು ಬೀಜವೆಂದು ಕರೆಯುವ ಈ ಕಾಳು ಸಸ್ಯಶಾಸ್ತ್ರದ ದೃಷ್ಟಿಯಿಂದ ಬೀಜವಲ್ಲ, ಒಣಗಿದ ಹಣ್ಣು. ಅಂಗೈಯಲ್ಲಿ ಒಂದು ಕಾಳನ್ನಿಟ್ಟು ಲಕ್ಷ್ಯವಿಟ್ಟು ನೋಡಿದರೆ ಅದರ ಮೈಮೇಲೆ ತುದಿಯಿಂದ ಬುಡದವರೆಗೆ ಗೆರೆಗಳು ಕಾಣುತ್ತವೆ. ಬೆರಳುಗಳ ನಡುವೆ ಒತ್ತಿದರೆ ಅದು ಎರಡು ಅರ್ಧಗೋಲಗಳಾಗಿ ಸೀಳುತ್ತದೆ. ಪ್ರತಿಯೊಂದು ಅರ್ಧದಲ್ಲಿಯೂ ಒಂದೊಂದು ನಿಜವಾದ ಬೀಜವಿದೆ. ಬಿತ್ತುವುದಕ್ಕೆ ಮುಂಚೆ ರೈತರು ಕಾಳನ್ನು ಮೆಲ್ಲಗೆ ಉಜ್ಜಿ ಹೋಳು ಮಾಡುವುದು ಇದೇ ಕಾರಣದಿಂದ; ಒಂದು ಕಾಳಿನಿಂದ ಎರಡು ಸಸಿಗಳು ಏಳುತ್ತವೆ. ಗಿಡದ ಹೂಗೊಂಚಲು ಬಿಚ್ಚಿದ ಕೊಡೆಯ ಆಕಾರದ್ದು. ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಇಂಗು, ಗಜ್ಜರಿ ಇವೆಲ್ಲವೂ ಇದೇ ಕೊಡೆಹೂವಿನ ಕುಲಕ್ಕೆ ಸೇರಿದವು. ನಮ್ಮ ಸಾಂಬಾರದ ಡಬ್ಬಿಯ ಅರ್ಧದಷ್ಟು ಪದಾರ್ಥಗಳು ಒಂದೇ ಕುಲದ ಬಂಧುಗಳೆಂದರೆ ಆಶ್ಚರ್ಯವಲ್ಲವೇ?

ಭಾರತವು ಈ ಬೆಳೆಯಲ್ಲಿ ಜಗತ್ತಿಗೇ ಅಗ್ರಗಣ್ಯವಾದ ದೇಶ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್ ಈ ಮೂರು ರಾಜ್ಯಗಳೇ ಇದರ ಮುಖ್ಯ ನೆಲೆ. ರಾಜಸ್ಥಾನದ ಕೋಟಾ ಜಿಲ್ಲೆಯ ರಾಮಗಂಜ್ ಮಂಡಿ, ಮಧ್ಯಪ್ರದೇಶದ ಗುನಾ ಜಿಲ್ಲೆಯ ಕುಂಭರಾಜ್ ಇವು ಕೊತ್ತಂಬರಿಯ ಹೆಸರಾದ ಪೇಟೆಗಳು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಿತ್ತಿದ ಬೆಳೆ ಚಳಿಗಾಲವನ್ನು ಕಳೆದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಇದು ನೋಡಲು ಸುಲಭವಾದ ಬೆಳೆ, ಆದರೆ ಬಹಳ ನಾಜೂಕಿನದು. ಹೂ ಬಿಡುವ ಕಾಲಕ್ಕೆ ಹಿಮ ಬಿದ್ದರೆ ಬೆಳೆ ಸುಟ್ಟುಹೋಗುತ್ತದೆ. ಮೋಡ ಮುಸುಕಿದರೆ ಹೇನು ಮತ್ತು ಬೂದಿರೋಗ ಹತ್ತುತ್ತವೆ. ಕಾಂಡದ ಮೇಲೆ ಗಂಟುಗಳೇಳುವ ಇನ್ನೊಂದು ರೋಗವುಂಟು. ಅದು ತಗಲಿದಾಗ ದುಂಡಗಿರಬೇಕಾದ ಕಾಳು ಲವಂಗದಂತೆ ಉದ್ದವಾಗಿ ವಿಕಾರಗೊಳ್ಳುತ್ತದೆ. ಆದುದರಿಂದಲೇ ಅಲ್ಲಿಯ ರೈತರು ಅದಕ್ಕೆ "ಲೋಂಗಿಯಾ" ಎಂದು ಹೆಸರಿಟ್ಟಿದ್ದಾರೆ. ನಾವು ಒಂದು ಚಮಚ ಕಾಳನ್ನು ಬಾಣಲೆಗೆ ಸುರಿಯುವಾಗ ಅದರ ಹಿಂದೆ ಒಬ್ಬ ರೈತನ ಒಂದು ಚಳಿಗಾಲದ ಆತಂಕವಿದೆಯೆಂಬುದನ್ನು ಮರೆಯಲಾಗದು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ಕಾಳಿನ ಸುವಾಸನೆ ಎಲ್ಲಿಂದ ಬರುತ್ತದೆ? ಕಾಳಿನ ಪ್ರತಿಯೊಂದು ಹೋಳಿನ ಒಳಮೈಯಲ್ಲಿ ಕೂದಲಿನಂತಹ ಸಣ್ಣ ನಾಳಗಳಿವೆ. ಅವುಗಳಲ್ಲಿ ಗಾಳಿಗೆ ಆರಿಹೋಗುವ ಒಂದು ಬಗೆಯ ತೈಲ ತುಂಬಿರುತ್ತದೆ. ಈ ತೈಲದ ಮುಖ್ಯ ದ್ರವ್ಯಕ್ಕೆ ಲಿನಲೂಲ್ ಎಂದು ಹೆಸರು. ತೈಲದ ಅರ್ಧಕ್ಕಿಂತ ಹೆಚ್ಚು ಭಾಗ ಇದೇ ಇರುತ್ತದೆ. ಹಸಿಯ ಸೊಪ್ಪಿನಲ್ಲಿಯೂ ಎಳೆಯ ಕಾಯಿಯಲ್ಲಿಯೂ ಇರುವ ವಾಸನೆಯ ದ್ರವ್ಯಗಳು ಬೇರೆ. ಕಾಯಿ ಬಲಿತು ಒಣಗಿದಂತೆ ಆ ಹಸಿ ವಾಸನೆ ಅಳಿದು ಲಿನಲೂಲಿನ ಇಂಪಾದ ಕಂಪು ಮುಂದೆ ಬರುತ್ತದೆ. ಕೊತ್ತಂಬರಿ ಸೊಪ್ಪು ಸಾಬೂನಿನಂತೆ ನಾರುತ್ತದೆಂದು ತಟ್ಟೆಯನ್ನು ಸರಿಸುವವರು ಕೆಲವರಿದ್ದಾರೆ. ವಾಸನೆಯನ್ನು ಗ್ರಹಿಸುವ ಒಂದು ವಂಶವಾಹಿಯ ಭೇದಕ್ಕೂ ಈ ಅರುಚಿಗೂ ಸಂಬಂಧವಿರುವಂತೆ 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ಕಂಡುಬಂದಿದೆ. ಅಂಥವರು ಕೂಡ ಒಣಗಿದ ಬೀಜವನ್ನು ಹಾಕಿದ ಸಾರನ್ನು ಸುಖವಾಗಿ ಉಣ್ಣಬಹುದು. ಏಕೆಂದರೆ ಎರಡರ ಕಂಪೂ ಒಂದೇ ಅಲ್ಲ.

ಈ ತೈಲದ ಪ್ರಮಾಣವೆಷ್ಟು? ರಷ್ಯಾ ಮೊದಲಾದ ತಂಪು ದೇಶಗಳಲ್ಲಿ ಬೆಳೆಯುವ ಸಣ್ಣ ಕಾಳಿನಲ್ಲಿ ಅದು ಶೇಕಡಾ 1ಕ್ಕೂ ಮೀರಿರುವುದುಂಟು. ನಮ್ಮ ದೇಶದ ದಪ್ಪ ಕಾಳಿನಲ್ಲಿಯಾದರೋ ಸಾಮಾನ್ಯವಾಗಿ ಶೇಕಡಾ 0.1ರಿಂದ 0.4ರಷ್ಟು ಮಾತ್ರ. ನಮ್ಮ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಶೇಕಡಾ 0.3ರಂತೆ ಹಿಡಿದರೆ ಒಂದು ಕಿಲೋ ಬೀಜದಲ್ಲಿ 3 ಗ್ರಾಂ. 5 ಗ್ರಾಂ ಬೀಜದಲ್ಲಿ ಕೇವಲ 15 ಮಿಲಿಗ್ರಾಂ. ಇಷ್ಟು ಅಲ್ಪವಾದ, ಇಷ್ಟು ಸುಲಭವಾಗಿ ಹಾರಿಹೋಗುವ ವಸ್ತುವಿನ ಮೇಲೆ ನಮ್ಮ ಸಾರು, ಹುಳಿಗಳ ರುಚಿ ನಿಂತಿದೆ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಹಿರಿಯರ ಅಡಿಗೆಯ ಪದ್ಧತಿಗಳೆಲ್ಲ ಕೇವಲ ರೂಢಿಯಲ್ಲ, ಯುಕ್ತಿಯುಕ್ತವಾದ ಕ್ರಮಗಳೆಂಬುದು ಮನವರಿಕೆಯಾಗುತ್ತದೆ.

ಉದಾಹರಣೆಗೆ, ಬೀಜವನ್ನು ಇಡಿಯಾಗಿ ಕೊಂಡು ಇಡಿಯಾಗಿಯೇ ಕಾಯ್ದಿಡಬೇಕೆಂದು ಅವರು ಹೇಳುತ್ತಿದ್ದರು. ಕಾಳು ಇಡಿಯಾಗಿರುವವರೆಗೆ ತೈಲದ ನಾಳಗಳು ಭದ್ರವಾಗಿರುತ್ತವೆ. ಪುಡಿಮಾಡಿದೊಡನೆ ಅವು ಒಡೆದು ಕಂಪು ಗಾಳಿಗೆ ಸೇರತೊಡಗುತ್ತದೆ. ಸಣ್ಣ ಉರಿಯ ಮೇಲೆ ಹುರಿಯಬೇಕೆಂಬುದು ಎರಡನೆಯ ನಿಯಮ. ಮಂದವಾದ ಕಾವಿನಿಂದ ಕಾಳಿನ ತೇವ ಆರಿ ಅದು ಗರಿಗರಿಯಾಗುತ್ತದೆ. ಹುರಿದ ಪದಾರ್ಥಗಳಿಗೇ ವಿಶಿಷ್ಟವಾದ ಹೊಸ ಕಂಪೊಂದು ಹುಟ್ಟುತ್ತದೆ. ಆದರೆ ಕಾವು ಮಿತಿಮೀರಿದರೆ ಮೂಲದ ತೈಲ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ. ಘಮ್ಮೆಂದು ವಾಸನೆ ಬಂದು ಬಣ್ಣ ಸ್ವಲ್ಪ ತಿರುಗುತ್ತಲೇ ಬಾಣಲೆಯನ್ನು ಇಳಿಸತಕ್ಕದ್ದು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸಿನಕಾಯಿಗಳನ್ನು ಬೇರೆ ಬೇರೆಯಾಗಿ ಹುರಿಯುವುದು ಮೂರನೆಯ ನಿಯಮ. ಗಾತ್ರ ಬೇರೆಯಾದುದರಿಂದ ಹದವೂ ಬೇರೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ದಪ್ಪ ಕಾಳು ಹದಕ್ಕೆ ಬರುವುದರೊಳಗೆ ಸಣ್ಣದು ಸೀದುಹೋಗುತ್ತದೆ. ಹುರಿದುದು ಪೂರ್ತಿಯಾಗಿ ಆರಿದ ಮೇಲೆಯೇ ಪುಡಿಮಾಡಬೇಕೆಂಬುದು ನಾಲ್ಕನೆಯದು. ಬಿಸಿಯಾಗಿರುವಾಗ ಡಬ್ಬಿಗೆ ತುಂಬಿದರೆ ಆವಿ ತಣಿದು ನೀರಾಗಿ ಪುಡಿ ಮುಗ್ಗಲು ಹಿಡಿಯುತ್ತದೆ. ಮಿಕ್ಸರಿನಲ್ಲಿ ಬಹಳ ಹೊತ್ತು ತಿರುಗಿಸಿದರೂ ಪುಡಿ ಬಿಸಿಯಾಗುತ್ತದಾದುದರಿಂದ ನಿಲ್ಲಿಸಿ ನಿಲ್ಲಿಸಿ ಬೀಸುವುದು ಮೇಲು. ಇದೇ ಕಾರಣಕ್ಕಾಗಿ ಕೆಲವು ದೊಡ್ಡ ಕಾರಖಾನೆಗಳಲ್ಲಿ ದ್ರವರೂಪದ ಸಾರಜನಕದಿಂದ ಯಂತ್ರವನ್ನು ಅತಿ ತಂಪಾಗಿರಿಸಿ ಸಾಂಬಾರಗಳನ್ನು ಪುಡಿಮಾಡುವ ಕ್ರಮ ಬಂದಿದೆ. ಒರಳಿನಲ್ಲಿ ನಿಧಾನವಾಗಿ ಕುಟ್ಟುತ್ತಿದ್ದವರು ಯಂತ್ರವಿಲ್ಲದೆಯೇ ಪುಡಿಯನ್ನು ಕಾವಿನಿಂದ ಕಾಪಾಡುತ್ತಿದ್ದರು.

ನಮ್ಮ ಮುಂಬಯಿಯಲ್ಲಿ ಲಾಲ್‌ಬಾಗಿನ ಮಿರ್ಚಿ ಗಲ್ಲಿಯನ್ನು ಬೇಸಗೆಯಲ್ಲಿ ಹೊಕ್ಕವರು ಈ ಕ್ರಮಗಳನ್ನು ಕಣ್ಣಾರೆ ಕಾಣಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಗೃಹಿಣಿಯರು ಅಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಮುಂತಾದುವನ್ನು ಆಯ್ದು ಕೊಂಡು, ಅಲ್ಲಿಯೇ ಹುರಿಸಿ, "ಡಂಕ" ಎಂಬ ಕುಟ್ಟುವ ಯಂತ್ರದಲ್ಲಿ ಪುಡಿಮಾಡಿಸಿಕೊಂಡು ಒಯ್ಯುತ್ತಾರೆ. ಜೂನಿನಲ್ಲಿ ಮಳೆ ಹಿಡಿದ ಬಳಿಕ ಈ ನಗರದ ಗಾಳಿಯಲ್ಲಿ ಯಾವುದೂ ಒಣಗಲಾರದು. ಆದುದರಿಂದ ಮಳೆಗೆ ಮುಂಚೆಯೇ ಈ ಕೆಲಸ ಮುಗಿಯಬೇಕು. ಊರಿನಲ್ಲಿ ನಮ್ಮವರು ಬೇಸಗೆಯಲ್ಲಿ ಹಪ್ಪಳ, ಸಂಡಿಗೆ, ಸಾರಿನ ಪುಡಿಗಳನ್ನು ಮಾಡಿಡುವುದಕ್ಕೂ ಇದೇ ಕಾರಣ.

ಕನ್ನಡಿಗರ ಅಡಿಗೆಯಲ್ಲಿ ಕೊತ್ತಂಬರಿ ಬೀಜದ ಸ್ಥಾನ ವಿಶಿಷ್ಟವಾದುದು. ಸಾರಿನ ಪುಡಿ, ಹುಳಿಪುಡಿ, ಬಿಸಿಬೇಳೆ ಭಾತಿನ ಪುಡಿ, ವಾಂಗೀಭಾತಿನ ಪುಡಿ ಇವುಗಳಲ್ಲಿ ಯಾವುದೂ ಇದಿಲ್ಲದೆ ಸಾಗದು. ಕರಾವಳಿಯವರು ಇದನ್ನು ಮೆಣಸಿನಕಾಯಿಯೊಡನೆ ಹುರಿದು ತೆಂಗಿನಕಾಯಿಯ ಜೊತೆಗೆ ರುಬ್ಬುತ್ತಾರೆ. ಮೆಣಸಿನಕಾಯಿ ಖಾರವನ್ನು, ಮೆಂತ್ಯ ಕಹಿಯನ್ನು, ಹುಣಿಸೆ ಹುಳಿಯನ್ನು ಕೊಟ್ಟರೆ ಕೊತ್ತಂಬರಿಯು ಇವೆಲ್ಲವನ್ನೂ ಒಂದುಗೂಡಿಸುತ್ತದೆ. ಅದರ ಹೊಟ್ಟಿನಲ್ಲಿರುವ ನಾರು ನೀರನ್ನು ಹೀರಿಕೊಳ್ಳುವುದರಿಂದ ಸಾರಿಗೆ ಒಂದಿಷ್ಟು ಮಂದತನವೂ ಬರುತ್ತದೆ. ನಮ್ಮ ನೆರೆಹೊರೆಯವರಲ್ಲಿ ಇದಕ್ಕೆ ಹಬ್ಬದ ಗೌರವವೂ ಉಂಟು. ಮಹಾರಾಷ್ಟ್ರದ ಮನೆಗಳಲ್ಲಿ ದೀಪಾವಳಿಯ ಧನತ್ರಯೋದಶಿಯಂದು ಜಜ್ಜಿದ ಕೊತ್ತಂಬರಿ ಬೀಜವನ್ನು ಬೆಲ್ಲದೊಡನೆ ಬೆರೆಸಿ ನೈವೇದ್ಯ ಮಾಡುತ್ತಾರೆ. ಉತ್ತರ ಭಾರತದಲ್ಲಿ ಜನ್ಮಾಷ್ಟಮಿಯಂದು ಕೊತ್ತಂಬರಿ ಪುಡಿಯ ಪಂಜಿರಿ ಪ್ರಸಾದವಾಗುತ್ತದೆ. ಊಟದ ನಂತರ ಇಲ್ಲಿಯ ಅಂಗಡಿಗಳಲ್ಲಿ ದೊರೆಯುವ ಉಪ್ಪು ಹಾಕಿದ "ಧನಾ ದಾಲ್" ಎಂದರೆ ಹೊಟ್ಟು ತೆಗೆದ ಇದೇ ಬೀಜದ ಬೇಳೆ.

ಕೊಳ್ಳುವಾಗಲೂ ಎಚ್ಚರಿಕೆ ಬೇಕು. ಒಳ್ಳೆಯ ಕಾಳು ಒಣಗಿ, ದುಂಡಗಾಗಿ, ಹುಳು ಹಿಡಿಯದೆ ಇರಬೇಕು; ಎರಡು ಕಾಳನ್ನು ಬೆರಳಲ್ಲಿ ನುರಿದರೆ ಕೂಡಲೆ ಕಂಪು ಏಳಬೇಕು. ಪುಡಿಯಲ್ಲಿ ಕಲಬೆರಕೆ ಮಾಡುವುದು ಸುಲಭ. ಇಡಿಯ ಕಾಳಿನಲ್ಲಿ ಅಷ್ಟು ಸುಲಭವಲ್ಲ. ಮರದ ಪುಡಿ, ಹೊಟ್ಟು ಮುಂತಾದುವನ್ನು ಬೆರೆಸುವ ವಂಚಕರಿದ್ದಾರೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಲು ಸರಳವಾದ ಉಪಾಯವೊಂದುಂಟು. ಒಂದು ಲೋಟ ನೀರಿನ ಮೇಲೆ ಒಂದು ಚಮಚ ಪುಡಿಯನ್ನು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಶುದ್ಧವಾದ ಪುಡಿ ತಳಕ್ಕಿಳಿಯುತ್ತದೆ. ಮರದ ಪುಡಿ, ಹೊಟ್ಟು ತೇಲುತ್ತವೆ. ಕಟ್ಟಿದ ಪೊಟ್ಟಣವನ್ನೇ ಕೊಳ್ಳುವುದಾದರೆ ಅದರ ಮೇಲೆ ತಯಾರಿಕೆಯ ದಿನಾಂಕವನ್ನೂ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ಓದಿ ನೋಡುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.

ಇನ್ನು ಔಷಧದ ವಿಚಾರ. ಚರಕಸಂಹಿತೆಯಲ್ಲಿ ಔಷಧದ್ರವ್ಯಗಳನ್ನು ಹತ್ತು ಹತ್ತರ ಗುಂಪುಗಳಾಗಿ ಪರಿಗಣಿಸಿದೆ. ಬಾಯಾರಿಕೆಯನ್ನು ತಣಿಸುವ ಗುಂಪಿನಲ್ಲಿಯೂ, ಚಳಿಯನ್ನು ಶಮನಗೊಳಿಸುವ ಗುಂಪಿನಲ್ಲಿಯೂ ಧಾನ್ಯಕದ ಹೆಸರು ಬರುತ್ತದೆ. ಆಯುರ್ವೇದದ "ಧಾನ್ಯಕ ಹಿಮ"ವೆಂಬ ಪಾನೀಯವನ್ನು ಮಾಡುವ ಕ್ರಮ ಹೀಗೆ: ಜಜ್ಜಿದ ಬೀಜವನ್ನು ಅದರ ಆರು ಪಾಲು ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಸೋಸಿ, ಸಕ್ಕರೆ ಬೆರೆಸಿ ಕುಡಿಯುವುದು. ಒಳಗಿನ ಉರಿ, ಬಾಯಾರಿಕೆಗಳಿಗೆ ಇದನ್ನು ಹೇಳಿದೆ. ಕೊತ್ತಂಬರಿ, ಶುಂಠಿ, ಭದ್ರಮುಷ್ಟಿ, ಬಾಳದ ಬೇರು, ಬಿಲ್ವ ಇವು ಕೂಡಿದ "ಧಾನ್ಯಪಂಚಕ"ವನ್ನು ಅಜೀರ್ಣ, ಅತಿಸಾರಗಳಲ್ಲಿ ಉಪಯೋಗಿಸುತ್ತಾರೆ. ನಮ್ಮ ಮನೆಗಳ ಕಷಾಯದ ಪುಡಿ ಎಲ್ಲರಿಗೂ ಪರಿಚಿತವಾದುದೇ. ಕೊತ್ತಂಬರಿ ಹೆಚ್ಚಾಗಿ, ಜೀರಿಗೆ ಅದರ ಅರ್ಧದಷ್ಟು, ಕರಿಮೆಣಸು, ಒಣಶುಂಠಿ ಸ್ವಲ್ಪ ಸ್ವಲ್ಪ ಸೇರಿಸಿ, ಹುರಿದು ಪುಡಿಮಾಡಿ, ಬೆಲ್ಲ ಹಾಕಿ ಕುದಿಸಿ ಹಾಲು ಬೆರೆಸಿದರೆ ಕಷಾಯ ಸಿದ್ಧ. ಉಂಡದ್ದು ಭಾರವಾದಾಗ, ನೆಗಡಿ ಹಿಡಿದಾಗ ಈ ಬಿಸಿ ಪಾನೀಯದಿಂದ ದೇಹಕ್ಕೆ ಹಿತವೆನಿಸುವುದು ಅನೇಕರ ಅನುಭವ.

ಈ ಅನುಭವದ ಬಗ್ಗೆ ಆಧುನಿಕ ವಿಜ್ಞಾನ ಏನು ಹೇಳುತ್ತದೆ? ಕೊತ್ತಂಬರಿಯ ತೈಲವು ಕೆಲವು ಬಗೆಯ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. 1999ರಲ್ಲಿ ಬ್ರಿಟನ್ನಿನ ಒಂದು ಪೋಷಣವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಧುಮೇಹ ಬರಿಸಿದ ಚಿಟ್ಟಿಲಿಗಳಿಗೆ ಕೊತ್ತಂಬರಿಯನ್ನು ಕೊಟ್ಟಾಗ ಅವುಗಳ ರಕ್ತದ ಸಕ್ಕರೆ ಇಳಿಯಿತು. ಆದರೆ ಅಲ್ಲಿ ಕೊಟ್ಟ ಪ್ರಮಾಣವನ್ನು ಗಮನಿಸಬೇಕು: ಪ್ರತಿ ಕಿಲೋ ಆಹಾರದಲ್ಲಿ 62.5 ಗ್ರಾಂ, ಎಂದರೆ ಹದಿನಾರರಲ್ಲಿ ಒಂದು ಪಾಲು. ಅದಲ್ಲದೆ ಕುಡಿಯುವ ನೀರಿನಲ್ಲಿಯೂ ಬೇರೆ. ಒಂದು ಲೋಟ ನೆನೆಸಿದ ನೀರಿಗೂ ಇದಕ್ಕೂ ಬಹಳ ಅಂತರವಿದೆ. ಇಲಿಗೆ ಆದುದೆಲ್ಲ ಮನುಷ್ಯನಿಗೂ ಆಗುವುದೆಂದು ಹೇಳಲು ಬಾರದು. ಥೈರಾಯ್ಡ್ ರೋಗವನ್ನು ಕೊತ್ತಂಬರಿ ನೀರು ಗುಣಪಡಿಸುವುದೆಂಬ ಮಾತಿಗಂತೂ ಮನುಷ್ಯರ ಮೇಲಿನ ಯೋಗ್ಯ ಪರೀಕ್ಷೆಯ ಆಧಾರವಿಲ್ಲ. ಇಂತಹ ಮಾತನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕರ.

ಅಪಾಯ ಬೀಜದಲ್ಲಿಲ್ಲ, ಅದನ್ನು ನಂಬಿ ಕಳೆಯುವ ಕಾಲದಲ್ಲಿದೆ. ಮಳೆಗಾಲದ ಮುಂಬಯಿಯಲ್ಲಿ ಜ್ವರವೆಂದರೆ ಅದು ಮಲೇರಿಯಾ ಇರಬಹುದು, ಡೆಂಗ್ಯೂ ಇರಬಹುದು, ನಿಂತ ನೀರಿನಲ್ಲಿ ನಡೆದವರಿಗೆ ಲೆಪ್ಟೋಸ್ಪೈರೋಸಿಸ್ ಇರಬಹುದು. ಇವನ್ನು ಗುರುತಿಸಲು ರಕ್ತಪರೀಕ್ಷೆಯೇ ಬೇಕು. ಕಷಾಯ ಕುಡಿದು ಮೂರು ದಿನ ಕಾಯ್ದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಮಗುವಿಗೆ ಭೇದಿಯಾದಾಗ ಮೊದಲು ಬೇಕಾದುದು ದೇಹ ಕಳೆದುಕೊಂಡ ನೀರು ಮತ್ತು ಲವಣಗಳು. ಆಸ್ಪತ್ರೆಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ದೊರೆಯುವ ಓ.ಆರ್.ಎಸ್. ಪುಡಿಯ ಸ್ಥಾನವನ್ನು ಕೊತ್ತಂಬರಿ ನೀರು ತುಂಬಲಾರದು. ಅಪರೂಪಕ್ಕೆ ಕೆಲವರಿಗೆ ಈ ಕುಲದ ಸಾಂಬಾರಗಳು ಒಗ್ಗದೆ ಮೈಯಲ್ಲಿ ದದ್ದು, ತುರಿಕೆ ಕಾಣಿಸುವುದೂ ಉಂಟು. ಅಂಥವರು ದೂರವಿರುವುದೇ ಲೇಸು. ಹೊಟ್ಟೆ ಸ್ವಲ್ಪ ಉಬ್ಬರಿಸಿದಾಗ, ಗಂಟಲು ಒಣಗಿದಾಗ, ಬೇಸಗೆಯ ಬಿಸಿಲಿನಲ್ಲಿ ದಣಿದಾಗ ನಮ್ಮ ಕಷಾಯವೂ ಹಿಮವೂ ಸಾಕು. ಅದರಾಚೆಗೆ ವೈದ್ಯರ ಬಾಗಿಲು.

ಹೀಗೆ ವಿಚಾರಮಾಡಿದಾಗ ಕೊತ್ತಂಬರಿ ಬೀಜವು ತಿರಸ್ಕರಿಸತಕ್ಕ ವಸ್ತುವೂ ಅಲ್ಲ, ಸಂಜೀವಿನಿಯೂ ಅಲ್ಲವೆಂದು ಸ್ಪಷ್ಟವಾಗುತ್ತದೆ. ಅದು ಅಲ್ಪಪ್ರಮಾಣದ ಕಂಪಿನಿಂದ ದಿನದ ಅನ್ನವನ್ನು ರುಚಿಕರವಾಗಿ ಮಾಡುವ, ಚಿಕ್ಕಪುಟ್ಟ ತೊಂದರೆಗಳಲ್ಲಿ ನೆರವಾಗುವ ಒಬ್ಬ ಸೌಮ್ಯ ಸ್ನೇಹಿತ. ಅದನ್ನು ಬಳಸುವ ಜಾಣತನ ಮಾತ್ರ ಪೊಟ್ಟಣದಲ್ಲಿ ಕೊಂಡು ತರುವಂಥದಲ್ಲ. ಹುರಿಯುವ ಹದ, ಬೆರೆಸುವ ಅಳತೆ, ಮನೆಮದ್ದು ಎಲ್ಲಿಗೆ ಮುಗಿಯಿತೆಂಬ ವಿವೇಕ ಇವು ನಮ್ಮ ಅಜ್ಜಿಯರ, ತಾಯಂದಿರ ಕೈಯಲ್ಲಿಯೂ ಬಾಯಲ್ಲಿಯೂ ಉಳಿದಿವೆ, ಬರೆದಿಟ್ಟವರು ಕಡಿಮೆ. ಊರಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಒಂದು ತಲೆಮಾರು ಕೇಳದೆ ಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಬರುವ ಬೇಸಗೆಯ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ಎರಡು ಕೆಲಸಗಳನ್ನು ಮಾಡಲಿ. ಮನೆಯ ಸಾರಿನ ಪುಡಿಯ ಮತ್ತು ಕಷಾಯದ ಪುಡಿಯ ಅಳತೆಯನ್ನು ಹಿರಿಯರಿಂದ ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ಚಳಿಗಾಲ ಬಂದಾಗ ಹತ್ತು ಕಾಳುಗಳನ್ನು ಉಜ್ಜಿ ಹೋಳು ಮಾಡಿ, ಕಿಟಕಿಯ ಬಳಿಯ ಕುಂಡದಲ್ಲಿ ಬಿತ್ತಿ, ಎಷ್ಟು ಸಸಿಗಳು ಎದ್ದವೆಂಬುದನ್ನು ಎಣಿಸಿ ನೋಡಲಿ. ಹಿತ್ತಲಿಲ್ಲದ ಮನೆಯಲ್ಲಿಯೂ ಹಿತ್ತಲ ಗಿಡದ ಗುಣವನ್ನು ಅರಿಯುವುದಕ್ಕೆ ಅಷ್ಟೇ ಸಾಕು.